ಬಿರುಕಿನ ವಯಸ್ಸು

ಕೈ ನಡುಗುತ್ತಿರಲಿಲ್ಲ. ಗಂಗಾಮಣಿ ಅದನ್ನು ಮತ್ತೊಮ್ಮೆ ನೋಡಿ ಖಚಿತ ಮಾಡಿಕೊಂಡಳು. ಹಿತ್ತಿಲ ಜಗುಲಿಯ ಮೇಲೆ ಗಾಜಿನ ಹಲಗೆ, ಅದರ ಮೇಲೆ ನೀರಲ್ಲಿ ನೆನೆಸಿದ ಎಮರಿ ಕಾಗದ, ಕಾಗದದ ಮೇಲೆ ರೂಪಾಯಿ ಬಿಲ್ಲೆಯಷ್ಟಗಲದ ಗಟ್ಟಿ ಅಂಟಿನ ತುಂಡು, ಅದರ ಮೇಲೆ ಅವಳ ಬಲಗೈಯ ಬೆರಳುಗಳು. ಮುಂದಕ್ಕೆ ತಳ್ಳಬೇಕು, ಎತ್ತಬೇಕು, ಮತ್ತೆ ಮುಂದಕ್ಕೆ ತಳ್ಳಬೇಕು. ಹೆಬ್ಬೆರಳು ಭಾರ ಹಾಕಬಾರದು. ಅಂಗಡಿಯಲ್ಲಿ ಬೇರೆಯವರ ಮಗು ಯಾವ ಡಬ್ಬಿಗೆ ಕೈ ಹಾಕುತ್ತದೋ ಎಂದು ಅಂಗಡಿಯವನು ಕಾಯುವ ಹಾಗೆ ಅವಳು ತನ್ನ ಹೆಬ್ಬೆರಳನ್ನು ಕಾಯುತ್ತಿದ್ದಳು. ಬೆಂಗಳೂರಿನಿಂದ ಬಂದಾಗಿನಿಂದ ದಿನಾ ಬೆಳಿಗ್ಗೆ ಇದೇ ಕೆಲಸ. ರಜೆ ಎಂದು ಮನೆಯವರಿಗೆ ಹೇಳಿದ್ದಳು. ಕೈಯನ್ನು ರಿಪೇರಿಗೆ ತಂದಿದ್ದೇನೆ ಎಂದು ಯಾರಿಗೆ ಹೇಳುವುದು?

"ನೋಡಮ್ಮ, ಇದು ಸೆಲ್‌ನ ಕಾಯಿಲೆ ಅಲ್ಲ. ಇದು ನಿನ್ನ ಕೈ," ಎಂದಿದ್ದರು ಅವಳ ಸಂಶೋಧನೆಗೆ ಗೈಡ್ ಆಗಿದ್ದ ಡಾಕ್ಟರ್ ಚಂದ್ರಶೇಖರ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೋಣೆಯ ಕತ್ತಲೆಯಲ್ಲಿ, ಹಸಿರು ಪರದೆಯ ಮೇಲೆ ಸಾಲುಗಟ್ಟಿ ನಿಂತಿದ್ದ ಗುಳಿಗಳ ಕಡೆ ಪೆನ್ನಿನ ತುದಿ ತೋರಿಸುತ್ತಾ, ಜ್ವರದ ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ ಹೇಳಿದ್ದರು. "ಪಾಲಿಶ್ ಮಾಡುವಾಗ ಒತ್ತಿಬಿಟ್ಟಿದೀಯ. ಪುಡಿಪುಡಿ ಪದರ ಅದು, ಒತ್ತಿದರೆ ಕಣ ಕಣವಾಗಿ ಕಿತ್ತು ಬರುತ್ತೆ, ಗುಳಿ ಬೀಳುತ್ತೆ. ಎಲ್ಲರಿಗೂ ಆಗುತ್ತೆ ಬಿಡು." ಅವಳ ಜೊತೆಯ ಸಂಶೋಧಕ ನವೀನ್‌ಕುಮಾರ್ ಆಗ ತನ್ನ ಚಪ್ಪಲಿ ನೋಡಿಕೊಂಡಿದ್ದ. ಅವನು ಚಪ್ಪಲಿ ನೋಡಿಕೊಂಡದ್ದೇ ಅವಳಿಗೆ ಹೆಚ್ಚು ನೆನಪು. ಅವಳು "ಹೌದು ಸರ್" ಎಂದಿದ್ದಳು. ಯಾಕೆ ಹಾಗೆಂದೆ ಎಂದು ಹಾಸ್ಟೆಲಿನ ದಾರಿಯುದ್ದಕ್ಕೂ ಕೇಳಿಕೊಂಡಿದ್ದಳು. ಹೌದೇ ಇರಬಹುದು ಎಂಬ ಅನುಮಾನ ಅವಳಿಗೂ ಇತ್ತು, ಅದಕ್ಕೇ ಅಂದಿರಬೇಕು. ಚಿಕ್ಕಂದಿನಲ್ಲಿ ಹಾಲಿನ ತಂಬಿಗೆ ಎತ್ತಿ ಹಾಕಿದವಳು, ರಂಗೋಲಿಯ ಗೆರೆ ಸೊಟ್ಟ ಎಳೆದವಳು. ಅಂಗಳ ಸಾರಿಸಲು ಕೂತರೆ ಅವಳು ಸಾರಿಸಿದ ಪಟ್ಟಿಯ ಮೇಲೆ ಅವ್ವ ಮಾತಾಡದೆ ಬಂದು ಇನ್ನೊಂದು ಸಲ ಸಾರಿಸುತ್ತಿದ್ದಳು. ಪ್ರತಿ ಸಲವೂ. ಬೈಯುತ್ತಿರಲಿಲ್ಲ, ಬಕೆಟ್ಟು ತಂದು ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿ, ಮಗಳ ಕೈಯ ಗುರುತನ್ನು ಒರೆಸಿಹಾಕುತ್ತಿದ್ದಳು. ಈಗ ಸರ್ ಪರದೆಯ ಮುಂದೆ ಕೂತು ಅದನ್ನೇ ಮಾಡಿದರು.

ಸೋಮವಾರ ಲ್ಯಾಬಿನ ವರದಿ ದೆಹಲಿಗೆ, ಹಣ ಕೊಡುವವರ ಕೈಗೆ ಹೋಗುತ್ತದೆ. ಅದರಲ್ಲಿ ಅವಳು ಬರೆದ ಅಧ್ಯಾಯ ಇರುವುದಿಲ್ಲ. ಮುಂದೆ ಮೈಕ್ರೋಸ್ಕೋಪಿನ ಕೆಲಸ ನವೀನ್ ನೋಡಿಕೊಳ್ಳುತ್ತಾನೆ, ನೀನು ಪುಡಿ ಅರೆಯುವ ಕಡೆ ಇರು, ಅದೂ ಮುಖ್ಯವೇ ಅಂದಿದ್ದರು. ಹೌದು ಸರ್.

"ಗಂಗಾ, ಏನೇ ಅದು, ದಿನಾ ಉಪ್ಪುಕಾಗ್ದ ಇಟ್ಕಂಡು ಉಜ್ತಾ ಕೂತಿರ್ತೀಯ? ಚಿನ್ನಗಿನ್ನ ಸಿಕ್ತದೇನೋ ಅಂದ್ಕಂಡೆ," ಎಂದು ಅವ್ವ ಚಿನ್ನಮ್ಮ ಒಮ್ಮೆ ಬಂದು ನೋಡಿ ಹೋಗಿದ್ದಳು. ಗಂಗಾಮಣಿ ವಿವರಿಸಲು ನೋಡಿದ್ದಳು. ಒಂದು ತೆಳ್ಳನೆಯ ಪಿಂಗಾಣಿ ಬಿಲ್ಲೆ ಅವ್ವ, ಅದರ ಒಂದು ಮೈಗೆ ಒಂದು ಲೇಪ, ಇನ್ನೊಂದು ಮೈಗೆ ಇನ್ನೊಂದು ಲೇಪ. ಒಂದು ಕಡೆ ಗಾಳಿ ಬಿಡ್ತೀವಿ, ಇನ್ನೊಂದು ಕಡೆ ಹೈಡ್ರೋಜನ್. ಕೆಂಡದ ಹಾಗೆ ಕಾಯಿಸಿದರೆ ಅದು ಹೊಗೆಯಿಲ್ಲದೆ, ಉರಿಯಿಲ್ಲದೆ ಕರೆಂಟು ಕೊಡುತ್ತೆ. "ಕೆಂಡದಂಗೆ ಕಾಯ್ಸಾಕೆ ಏನ್ ಹಾಕ್ತೀರಿ, ಕರೆಂಟಾ?" ಎಂದಿದ್ದಳು ಅವ್ವ. ಹೌದು, ಲ್ಯಾಬಿನಲ್ಲಿ ಕರೆಂಟೇ. "ಕರೆಂಟ್ ಹಾಕಿ ಕರೆಂಟ್ ತೆಗೀತೀರಿ. ಒಳ್ಳೆ ಓದು." ಗಂಗಾಮಣಿಗೆ ನಗು ಬಂದಿತ್ತು, ಅವ್ವ ಹೋದ ಮೇಲೆ ಅಳುವೂ ಬಂದಿತ್ತು. ಆ ಸೆಲ್ಲು ತಿಂಗಳುಗಟ್ಟಲೆ ಕುಲುಮೆಯಲ್ಲಿ ಕೂತು ಕರೆಂಟು ಕೊಡುತ್ತಾ ಕೊಡುತ್ತಾ ಸೊರಗುತ್ತದೆ. ಯಾಕೆ ಸೊರಗುತ್ತದೆ ಎಂಬುದೇ ಅವಳ ಕೆಲಸ. ಹೈಡ್ರೋಜನ್ ಬದಿಯ ಲೇಪದಲ್ಲಿ ನಿಕಲ್ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಅದಕ್ಕೇ ಸೊರಗುತ್ತದೆ ಎಂದು ಚಂದ್ರಶೇಖರ ಸರ್ ಹತ್ತಾರು ಪ್ರಬಂಧ ಬರೆದಿದ್ದಾರೆ. ಅವಳು ನೋಡಿದ್ದು ಬೇರೆ ಬದಿ. ಗಾಳಿಯ ಕಡೆಯ ಲೇಪ ಪಿಂಗಾಣಿಯಿಂದ ಮೆಲ್ಲನೆ ಮೇಲೆದ್ದು ಬಿಡುತ್ತಿತ್ತು. ಎರಡರ ನಡುವೆ ಗುಳಿಗಳ ಸಾಲು, ಹೊಲಿಗೆ ಬಿಚ್ಚಿದ ಬಟ್ಟೆಯಲ್ಲಿ ಸೂಜಿಯ ಗುರುತು ಉಳಿದಂತೆ. ಮೊದಲ ಸಲ ಅದನ್ನು ಕಂಡ ಮಧ್ಯಾಹ್ನ ಅವಳು ಊಟ ಮರೆತಿದ್ದಳು. ಅಷ್ಟು ಸಂತೋಷಪಟ್ಟದ್ದಕ್ಕೆ ಈಗ ನಾಚಿಕೆಯಾಗುತ್ತಿತ್ತು.

ಮನೆಯ ಮುಂದಿನಿಂದ ಅವ್ವನ ಗಂಟಲು ಏರಿತು. ಗಂಗಾಮಣಿಯ ಬೆರಳು ಕಾಗದದ ಮೇಲೆ ನಿಂತಿತು. ಮನೆಯಲ್ಲಿ ಯಾರ ದನಿ ಏರಿದರೂ ತನ್ನಿಂದ ಏನಾದರೂ ತಪ್ಪಾಯಿತೆ ಎಂದು ಮೊದಲು ಲೆಕ್ಕ ಹಾಕುವುದು ಅವಳ ಅಭ್ಯಾಸ. ಈ ಸಲ ತನ್ನದಲ್ಲ ಎಂದು ಗೊತ್ತಾದ ಮೇಲೆ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಗೋಡೆಯ ಮರೆಯಲ್ಲಿ ಬಂದು ನಿಂತಳು.

ಕಾಫಿ ಒಣಗಿಸುವ ಕಣದಲ್ಲಿ ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎದುರಿಗೆ ಅತ್ತಿಗೆ ಹೇಮಶ್ರೀ, ಕಾಫಿ ಹಣ್ಣಿನ ಮಂಕರಿಯನ್ನು ಇನ್ನೂ ಸೊಂಟದಿಂದ ಇಳಿಸದೆ. ಅವರ ನಡುವೆ, ಸಗಣಿ ಬಗ್ಗಡದಿಂದ ಸಾರಿಸಿದ ಕಣದ ನೆಲದಲ್ಲಿ, ಕೆರೆಯ ದಡದ ಹಾಗೆ ಬಾಗಿದ ಒಂದು ಬಿರುಕು. ಬೆರಳು ತೂರುವಷ್ಟು ಅಗಲ. ಹಿಂದಿನ ದಿನ ಒಣಗಲು ಹರಡಿದ ಹಣ್ಣು ಅದರೊಳಕ್ಕೆ ಉರುಳಿ ಮಣ್ಣಾಗಿತ್ತು. ಮಣ್ಣು ವಾಸನೆ ಹಿಡಿದ ಕಾಫಿಯನ್ನು ಬಾಳ್ಳುಪೇಟೆಯ ವ್ಯಾಪಾರಿ ಮೂಗಿಗೆ ಹಿಡಿದ ಕೂಡಲೇ ಪಕ್ಕಕ್ಕೆ ಸರಿಸುತ್ತಾನೆ. ಇಡೀ ವರ್ಷದ ಹಣ್ಣು ಈ ನೆಲದ ಮೇಲೆ ಒಣಗಬೇಕು.

"ನೀರ್ ನೀರ್ ಮಾಡಿ ಬಗ್ಗಡ ಕಲಸ್ದೆ. ತೆಳ್ಳಗ್ ಎಳ್ದೆ. ಬಿಸ್ಲಿಗೆ ಬಿರ್ಕ್ ಬುಡ್ತು. ನಮ್ ಕಾಲ್ದಲ್ಲಿ ಕಣ ಸಾರ್ಸಿದ್ರೆ ಕನ್ನಡಿ ಇದ್ದಂಗಿರದು."

"ಅತ್ತೆಮ್ಮ, ನಾನ್ ಸಾರ್ಸಕ್ ಮುಂಚೇನೆ ಬಿರ್ಕಿತ್ತು. ನೀವು ಕುಂದೂರ್ಗೆ ಮದುವೆಗೆ ಹೋಗಿದ್ರಲ್ಲ, ಅವತ್ತು ನಿಮ್ ಮಗ ಸೈಜುಗಲ್ ತುಂಬಿದ್ ಟ್ರಾಕ್ಟ್ರು ಕಣಕ್ಕೇ ಹತ್ಸಿದ್ರು. ಆಗ್ಲೇ ನೆಲ ಬಿಡ್ತು."

"ಓಹೋ, ಈಗ ನನ್ ಮಗನ್ ತಲೆ ಮೇಲೆ. ಬಿರ್ಕಿದ್ರೆ ಬಾಯಿರ್ಲಿಲ್ವ ಹೇಳಾಕೆ?"

"ಸಣ್ಣಕಿತ್ತು. ಸಾರ್ಸಿದ್ ಮೇಲೆ ಮುಚ್ಕಂತು. ಈಗ ಒಣಗಿ ಬಾಯ್ ಬಿಟ್ಟೈತೆ."

"ಬಾಯ್ ಬಿಟ್ಟಿರದು ನೀನು. ಕೈ ಸುದ್ದ ಇರ್ಬೇಕು ಕಣೇ, ಕೈ."

ಹೇಮಶ್ರೀ ಮಂಕರಿಯನ್ನು ಸೊಂಟಕ್ಕೆ ಇನ್ನಷ್ಟು ಒತ್ತಿಕೊಂಡಳು. ಮಂಕರಿಯ ಅಂಚನ್ನು ಹಿಡಿದಿದ್ದ ಅವಳ ಬೆರಳು ಬಿಳಿಚಿಕೊಂಡಿತು. ಗಂಗಾಮಣಿಗೆ ಅಲ್ಲಿಂದ ಹಿಂದಕ್ಕೆ ಸರಿಯಬೇಕೆನಿಸಿತು. ಅತ್ತೆ ಸೊಸೆಯ ಮಾತಿನ ನಡುವೆ ಮದುವೆಯಾಗದ ನಾದಿನಿ ಬಾಯಿ ಹಾಕಿದರೆ ಎರಡೂ ಕಡೆಯವರು ಅವಳ ಮೇಲೆಯೇ ಬೀಳುತ್ತಾರೆ ಎಂಬುದು ಅವಳಿಗೆ ಗೊತ್ತು. ಆದರೆ ಅತ್ತಿಗೆಯ ಮುಖದಲ್ಲಿ ಒಂದು ಗುರುತಿನ ಭಾವ ಕಂಡಿತ್ತು, ಹಸಿರು ಪರದೆಯ ಬೆಳಕು ಬಿದ್ದ ಮುಖದಲ್ಲಿ ಇರುತ್ತದಲ್ಲ, ಅದು. ಹೌದು ಸರ್ ಎನ್ನುವ ಮೊದಲಿನ ಮುಖ. ಅವಳು ಏನನ್ನೂ ಹೇಳುವ ಉದ್ದೇಶವಿಲ್ಲದೆ, ಬರೀ ಎಲ್ಲಾದರೂ ಕಣ್ಣಿಡಬೇಕಲ್ಲ ಎಂದು ಬಿರುಕಿನ ಕಡೆ ಬಗ್ಗಿದಳು. ನಂತರ ಕುಕ್ಕರಗಾಲಿನಲ್ಲಿ ಕೂತಳು. ನಂತರ ಕೆನ್ನೆ ನೆಲಕ್ಕೆ ತಾಗುವಷ್ಟು ಕೆಳಗೆ ಬಗ್ಗಿದಳು.

ಬಿರುಕಿನ ತುಟಿಯಿಂದ ಒಳಕ್ಕೆ, ಎರಡೂ ಗೋಡೆಗಳ ಮೇಲೆ, ಹಸಿರುಗಪ್ಪು ಸಗಣಿ ಒಣಗಿ ಹತ್ತಿಕೊಂಡಿತ್ತು. ಹುಲ್ಲಿನ ಎಳೆ ಸಮೇತ ಒಳಗೆ ಇಳಿದಿತ್ತು. ಅದರ ಪಕ್ಕದಲ್ಲೇ, ಮಂಕರಿ ಎಳೆದು ಕಿತ್ತುಬಂದ ಒಂದು ಹೊಸ ಚಕ್ಕೆಯ ಜಾಗದಲ್ಲಿ ಬರೀ ಕೆಂಪುಮಣ್ಣು, ಸಗಣಿಯ ಸೋಂಕೇ ಇಲ್ಲ.

"ಅವ್ವ," ಎಂದಳು. ಬಿರುಕಿನ ಅಂಚಿಗೆ ಬೆರಳಿಟ್ಟಳು. "ಅವ್ವ, ಅತ್ತಿಗೆ ಹೇಳೋದು ನಿಜ. ಬಿರುಕು ಹಳೇದು."

"ಬಂದ್ಲು ನೋಡು ಲಾಯ್ರಮ್ಮ."

"ಒಳಗೆ ಸಗಣಿ ಐತೆ ಅವ್ವ. ಸಾರಿಸಿದ ಮೇಲೆ ಬಿರುಕು ಬಿಟ್ಟಿದ್ರೆ ಒಳಗೆ ಬರೀ ಮಣ್ಣಿರಬೇಕಿತ್ತು. ಬಗ್ಗಡ ಒಳಗೆ ಇಳಿದಿದೆ ಅಂದ್ರೆ, ಇಳಿಯೋಕೆ ಜಾಗ ಮೊದಲೇ ಇತ್ತು. ಇಲ್ಲಿ ನೋಡು, ಇದು ಈವತ್ತಿನ ಚಕ್ಕೆ. ಇದರಲ್ಲಿ ಇಲ್ಲ."

ಚಿನ್ನಮ್ಮ ನಂಬಲಿಲ್ಲ. ಬೇಲಿಯಿಂದ ಒಂದು ಕಡ್ಡಿ ಮುರಿದು ತಂದು, ಮಂಡಿ ಹಿಡಿದುಕೊಂಡು ಕೂತು, ಬಿರುಕಿನೊಳಗೆ ಕೆದಕಿದಳು. ಕಡ್ಡಿಯ ತುದಿಗೆ ಉಗುರಿನಷ್ಟು ಒಣ ಸಗಣಿ ಬಂತು. ಅದನ್ನು ಬೆರಳಲ್ಲಿ ಪುಡಿ ಮಾಡಿದಳು. ಮೂಸಿದಳು. ಇನ್ನೊಂದು ಕಡೆ ಕೆದಕಿದಳು. ಸೊಸೆಯ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ, ಗೇಟಿನ ಕಡೆ ನೋಡಿದಳು.

"ಬರ್ಲಿ ಇವತ್ತು ಧರ್ಮ. ಕಣಕ್ಕೆ ಟ್ರಾಕ್ಟ್ರು ಹತ್ಸಿದ್ನಂತೆ. ಅವ್ನ್ ಕಾಲ್ ಮೇಲ್ ಹತ್ಸಿ ಬುಡ್ತೀನಿ."

ಹೇಮಶ್ರೀ ಮಂಕರಿ ಇಳಿಸಿದಳು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಗಂಗಾಮಣಿ ಮಾತ್ರ ಅಲ್ಲೇ ಕೂತಿದ್ದಳು, ಕೆನ್ನೆಗೆ ಮಣ್ಣು ಹತ್ತಿಸಿಕೊಂಡು. ತಾನು ಈಗಷ್ಟೇ ಹೇಳಿದ ಮಾತು ಅವಳ ಕಿವಿಯಲ್ಲಿ ಇನ್ನೊಬ್ಬರು ಹೇಳಿದಂತೆ ಮತ್ತೆ ಕೇಳಿಸಿತು. ಇಳಿಯೋಕೆ ಜಾಗ ಮೊದಲೇ ಇತ್ತು.

ಕುಲುಮೆಯಿಂದ ಹೊರಬಂದ ಸೆಲ್ಲುಗಳಲ್ಲಿ ಒಂದು ಉಳಿದವಕ್ಕಿಂತ ಮೆದುವಾಗಿತ್ತು. ಎತ್ತಿದರೆ ಲೇಪ ಪುಡಿಯಾಗಿ ಬೆರಳಿಗೆ ಹತ್ತುತ್ತಿತ್ತು. ಲ್ಯಾಬಿನ ಕ್ರಮವೆಂದರೆ ಮೊದಲು ಸೆಲ್ಲನ್ನು ಕೊಯ್ಯುವುದು, ಕೊಯ್ದ ಚೂರನ್ನು ಅಂಟಿನ ಬಿಲ್ಲೆಯಲ್ಲಿ ಕೂರಿಸುವುದು, ಆಮೇಲೆ ಉಜ್ಜುವುದು. ಆ ದಿನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಆ ಬಡಪಾಯಿ ಸೆಲ್ಲನ್ನು ಗರಗಸಕ್ಕೆ ಕೊಡಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಸಡಿಲ ನೆಲದ ಮೇಲೆ ಏನನ್ನಾದರೂ ಹರಡುವ ಮೊದಲು ಸಾರಿಸಬೇಕು ಎಂಬುದು ಅವಳ ಮೈಯಲ್ಲಿ ಎಷ್ಟು ಕೂತುಬಿಟ್ಟಿತ್ತೆಂದರೆ ಅದನ್ನು ಅವಳು ಯೋಚನೆ ಎಂದೇ ಅಂದುಕೊಂಡಿರಲಿಲ್ಲ. ಇಡೀ ಸೆಲ್ಲನ್ನು ಬಟ್ಟಲಲ್ಲಿಟ್ಟು, ತೆಳು ಅಂಟನ್ನು ಅದರ ಮೇಲೆ ಸುರಿದು, ಗಾಳಿ ಎಳೆಯುವ ಪೆಟ್ಟಿಗೆಯೊಳಗೆ ಇಟ್ಟಿದ್ದಳು. ಅಂಟು ಒಳಗೆ ಇಳಿದದ್ದು ತಿಳಿಯಲಿ ಎಂದು, ಬೆಸುಗೆಯ ಬಿರುಕು ಹುಡುಕಲು ಕಪಾಟಿನಲ್ಲಿಟ್ಟಿದ್ದ ಕೆಂಪು ದ್ರವವನ್ನು ಕೆಲವು ತೊಟ್ಟು ಬೆರೆಸಿದ್ದಳು. ಗಟ್ಟಿಯಾದ ಮೇಲೆಯೇ ಕೊಯ್ದಿದ್ದಳು. ಮರುದಿನ ಚಂದ್ರಶೇಖರ ಸರ್ ಅದನ್ನು ಕೈಯಲ್ಲಿ ಹಿಡಿದು, "ಇದೇನಮ್ಮ, ಜಾಮ್ ಮಾಡಿದೀಯ? ಎಲ್ಲಾ ಸ್ಯಾಂಪಲ್ ಒಂದೇ ರೀತಿ ಮಾಡಬೇಕು ಅಂತ ಗೊತ್ತಿಲ್ವಾ? ಇದು ಹೋಲಿಕೆಗೆ ಬರಲ್ಲ. ಬಿಸಾಕು" ಎಂದಿದ್ದರು. ಲ್ಯಾಬಿನಲ್ಲಿ ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಬಿಸಾಡಿರಲಿಲ್ಲ. ತಪ್ಪು ಮಾಡಿದ್ದನ್ನು ಬಿಸಾಡುವ ಧೈರ್ಯ ಅವಳಿಗೆ ಯಾವತ್ತೂ ಇರಲಿಲ್ಲ. ಉಜ್ಜದೆ, ನೋಡದೆ, ಹತ್ತಿಯಲ್ಲಿ ಸುತ್ತಿ ಡಬ್ಬಿಯ ತಳದಲ್ಲಿ ಇಟ್ಟಿದ್ದಳು. ಆ ಡಬ್ಬಿ ಈಗ ಹಿತ್ತಿಲ ಜಗುಲಿಯ ಮೇಲೆ, ಗಾಜಿನ ಹಲಗೆಯ ಪಕ್ಕದಲ್ಲಿ ಇತ್ತು.

ಅವಳು ಓಡಲಿಲ್ಲ. ಓಡಿದರೆ ಏನೋ ಒಡೆಯುತ್ತದೆ ಎಂಬ ಭಯದಿಂದ, ತುಂಬಿದ ಕೊಡ ಹೊತ್ತವಳಂತೆ ನಡೆದು ಹಿತ್ತಿಲಿಗೆ ಹೋದಳು.

ಕೆಂಪು ಬಿಲ್ಲೆಯನ್ನು ಒದ್ದೆ ಕಾಗದದ ಮೇಲೆ ಇಟ್ಟಾಗ ಒಂದು ವಿಚಿತ್ರ ಹಗುರತನ ಅವಳ ಹೆಗಲಿಗೆ ಬರತೊಡಗಿತು. ಮೊದಲ ಕಾಗದ ಮುಗಿದು ಎರಡನೆಯ, ಇನ್ನೂ ನುಣುಪಿನ ಕಾಗದಕ್ಕೆ ಬಂದಾಗ ಅದರ ಕಾರಣ ಹೊಳೆಯಿತು. ಈ ಸಲ ಹೆಬ್ಬೆರಳನ್ನು ಕಾಯಬೇಕಾಗಿರಲಿಲ್ಲ. ಕೈ ಒತ್ತಲಿ, ಜಾರಲಿ, ಕಣ ಕಿತ್ತು ಬರಲಿ. ಇವತ್ತು ಕಿತ್ತ ಗುಳಿ ಖಾಲಿ ಇರುತ್ತದೆ, ಕುಲುಮೆಯಲ್ಲೇ ಆಗಿದ್ದ ಗುಳಿಯಲ್ಲಿ ಕೆಂಪು ತುಂಬಿರುತ್ತದೆ. ಒಂದರ ವಯಸ್ಸು ಇನ್ನೊಂದರ ವಯಸ್ಸಿನ ಜೊತೆ ಕಲೆಯಲು ಸಾಧ್ಯವೇ ಇಲ್ಲ. ತಾನು ಒಳ್ಳೆಯ ಕೈಯವಳೋ ಕೆಟ್ಟ ಕೈಯವಳೋ ಎಂಬ ಪ್ರಶ್ನೆಗೂ, ಲೇಪ ಏಳುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೂ ಇಷ್ಟು ದಿನ ಒಂದೇ ಹಗ್ಗ ಕಟ್ಟಿದ್ದರು, ತಾನೂ ಕಟ್ಟಿಕೊಂಡಿದ್ದಳು. ಈಗ ಗಂಟು ಬಿಚ್ಚಿತ್ತು. ಅವಳು ಉಜ್ಜಿದಳು. ಬಾವಿಯ ನೀರು ಹಾಕಿ ಉಜ್ಜಿದಳು, ಕೊನೆಗೆ ಸಿರಿಂಜಿನಲ್ಲಿ ತಂದಿದ್ದ ವಜ್ರದ ಪುಡಿಯ ಲೇಪವನ್ನು ಹಳೆಯ ಮಕಮಲ್ಲಿನ ರವಿಕೆಯ ಬಟ್ಟೆಗೆ ಹಚ್ಚಿ ಉಜ್ಜಿದಳು. ಮಕಮಲ್ಲು ಅವ್ವನ ಮದುವೆಯದು. ಕೇಳಿರಲಿಲ್ಲ. ಅದಕ್ಕೂ ಒಂದು ಸಣ್ಣ ಭಯ ಎದೆಯಲ್ಲಿತ್ತು, ಆದರೆ ಅದು ಕೆಲಸಕ್ಕೆ ಅಡ್ಡ ಬರಲಿಲ್ಲ. ಬಿಲ್ಲೆಯ ಮೈಯಲ್ಲಿ ಆಕಾಶ ಕಾಣಿಸಿತು.

ಕಣ್ಣಿಗೆ ಬೇರೇನೂ ಕಾಣದು. ಕೂದಲಿಗಿಂತ ತೆಳ್ಳಗಿನ ಸಂದು ಅದು. ಬೆಂಗಳೂರಿನವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ತಾಳ್ಮೆಗಿಂತಲೂ, ನವೀನ್‌ಕುಮಾರನ ಪಕ್ಕದಲ್ಲಿ ಕೂತು ನೋಡುವ ಧೈರ್ಯವಿರಲಿಲ್ಲ. ತಪ್ಪಾಗಿದ್ದರೆ ಒಬ್ಬಳೇ ತಪ್ಪಾಗಬೇಕು. ಬಿ.ಎಸ್ಸಿ. ಓದಿದ ಸಕಲೇಶಪುರದ ಕಾಲೇಜಿನ ಮೈಕ್ರೋಸ್ಕೋಪು ನೆನಪಾಯಿತು.

"ಎಲ್ಲಿಗೇ, ಉಣ್ದಲೇ?" ಎಂದು ಅವ್ವ ಕೂಗುತ್ತಿದ್ದಂತೆ ಅವಳು ಗೇಟು ದಾಟಿದ್ದಳು. ಕುಂದೂರಿನ ಖಾಸಗಿ ಬಸ್ಸು, ಬಾಳ್ಳುಪೇಟೆಯಲ್ಲಿ ಇಳಿದು ಮಂಗಳೂರು ಕಡೆಯ ಬಸ್ಸು. ಮಡಿಲಲ್ಲಿ ಸ್ಟೀಲಿನ ಡಬ್ಬಿ. ಪಕ್ಕದಲ್ಲಿ ಕೂತ ಹೆಂಗಸು "ಏನವ್ವ, ಪ್ರಸಾದನಾ?" ಎಂದಳು. ಅಲ್ಲ ಎಂದರೆ ಏನೆಂದು ಹೇಳಬೇಕಾಗುತ್ತದೆ. ಹೂಂ ಎಂದಳು. ಆ ಹೆಂಗಸು ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗಂಗಾಮಣಿ ಕಿಟಕಿಯ ಹೊರಗೆ ನೋಡಿದಳು. ಹೇಮಾವತಿಯ ಸೇತುವೆಯ ಮೇಲೆ ಲಾರಿಗಳ ಸಾಲಿನ ಹಿಂದೆ ಬಸ್ಸು ನಿಂತಾಗ, ಕೆಳಗೆ ನೀರು ಇಳಿದ ಬಂಡೆಗಳ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಖಾಲಿ ಇದ್ದರೆ? ಆ ಸಾಲಿನ ಗುಳಿಗಳೆಲ್ಲ ಖಾಲಿ ಇದ್ದರೆ? ಆಗ ಸರ್ ಹೇಳಿದ್ದು ನಿಜ. ಪುಡಿ ಅರೆಯುವ ಕಡೆ ಹೋಗುವುದು. ಅದೂ ಮುಖ್ಯವೇ. ಬಸ್ಸು ಹೊರಟಿತು.

ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಸುಬ್ಬಯ್ಯ ಮೇಷ್ಟ್ರು ಒಬ್ಬರೇ ಕೂತು ಕಿತ್ತಳೆ ಸುಲಿಯುತ್ತಿದ್ದರು. ಅವಳಿಗೆ ಅವರು ಪಾಠ ಮಾಡಿದವರಲ್ಲ, ಅವಳದು ಭೌತಶಾಸ್ತ್ರ. ಬಾಗಿಲಲ್ಲಿ ನಿಂತು ಹೆಸರು, ಓದಿದ ವರ್ಷ, ಊರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಪೊಲೀಸ್ ಠಾಣೆಯಲ್ಲಿ ಹೇಳುವ ಹಾಗೆ.

"ಬಾರಮ್ಮ ಒಳಗೆ. ಕುಂದೂರ್ ಕಡೆಯೋಳಾ? ಏನ್ ತಂದಿದೀಯ, ಕಾಂಡಕೊರಕನಾ? ಈ ವರ್ಷ ಎಲ್ಲರ್ ತೋಟದಲ್ಲೂ ಅದೇ ಕಾಟ."

"ಗಿಡ ಅಲ್ಲ ಸರ್. ಪಿಂಗಾಣಿ."

"ಪಿಂಗಾಣಿಗೂ ಹುಳ ಬಿತ್ತಾ ಮಾರಾಯ್ತಿ!" ಎಂದು ಕಿತ್ತಳೆಯ ಒಂದು ತೊಳೆ ಅವಳಿಗೆ ಚಾಚಿದರು. ಅವಳು ತಿನ್ನದೆ ಕೈಯಲ್ಲಿ ಹಿಡಿದುಕೊಂಡಳು.

ಅವರ ಮೈಕ್ರೋಸ್ಕೋಪು ಎಲೆಯ ತೆಳು ಚೂರುಗಳನ್ನು ನೋಡಲು ಮಾಡಿದ್ದು. ಕೆಳಗಿನ ಕನ್ನಡಿಯಿಂದ ಬೆಳಕು ಮೇಲಕ್ಕೆ ಬರುತ್ತದೆ, ದಪ್ಪ ಬಿಲ್ಲೆಯ ಮೂಲಕ ಅದು ಹಾಯದು. ಗಂಗಾಮಣಿ ಟಾರ್ಚು ಕೇಳಿದಳು. ಮೇಷ್ಟ್ರು ಮೇಜಿನ ಒಳಗಿಂದ ಕೊಟ್ಟರು. ಅವಳು ಅದನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಕೈ ಅಲುಗಿ ಬೆಳಕು ಕುಣಿಯಿತು. "ಇಲ್ಲಿ ಕೊಡು, ನಾನ್ ಹಿಡೀತೀನಿ, ನೀನು ನೋಡು," ಎಂದು ಅವರು ಟಾರ್ಚು ತೆಗೆದುಕೊಂಡರು. ಅವಳು ಕಣ್ಣು ಮಸೂರಕ್ಕೆ ತಂದಳು. ಮೊದಲು ಬರೀ ಮಂಜು. ತಿರುಪನ್ನು ತಿರುಗಿಸಿದಳು. ಮಂಜಿನಿಂದ ಒಂದು ಬೂದು ಪಟ್ಟೆ ಎದ್ದು ಬಂತು. ಅದು ಪಿಂಗಾಣಿ, ಒಂದು ಕಲೆಯೂ ಇಲ್ಲ. ಅದರಾಚೆ ಕಪ್ಪು ಪದರ, ಗಾಳಿ ಬದಿಯ ಲೇಪ, ಅದರ ತುಂಬ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು. ಆ ಲೇಪ ಮೊದಲಿನಿಂದಲೂ ರಂಧ್ರಮಯವೇ, ಗಾಳಿ ಹಾಯಲೆಂದು ಹಾಗೆ ಮಾಡಿದ್ದು. ಅವಳು ಅಲ್ಲೇ ತಡೆದು ನಿಂತಳು. ಎರಡೂ ಸೇರುವ ಅಂಚಿಗೆ ಬಿಲ್ಲೆಯನ್ನು ಸರಿಸಬೇಕಾಗಿತ್ತು. ಸರಿಸಲಿಲ್ಲ. ಕುಲುಮೆಯ ಮುಂದೆ ಕಳೆದ ಎಲ್ಲ ತಿಂಗಳುಗಳು, ಹಾಸ್ಟೆಲಿನ ತಣ್ಣನೆಯ ಅನ್ನ, ನವೀನನ ಚಪ್ಪಲಿ, ಎಲ್ಲವೂ ಆ ಬೆರಳ ತುದಿಯಲ್ಲಿ ಬಂದು ನಿಂತಂತಿತ್ತು. "ಕೈ ಸೋಲ್ತಾ ಐತೆ ಕಣಮ್ಮ," ಎಂದರು ಟಾರ್ಚು ಹಿಡಿದ ಮೇಷ್ಟ್ರು. ಅವಳು ಸರಿಸಿದಳು.

ಕೆಂಪು.

ಬೂದು ಮತ್ತು ಕಪ್ಪಿನ ನಡುವೆ, ಅಂಚಿನುದ್ದಕ್ಕೂ, ಒಂದರ ಪಕ್ಕ ಒಂದು, ದಾಳಿಂಬೆಯ ಕಾಳು ಜೋಡಿಸಿಟ್ಟಂತೆ. ಕೆಲವು ಕಡೆ ಕಾಳುಗಳು ಒಂದಕ್ಕೊಂದು ಕೂಡಿ ಗೆರೆಯಾಗಿದ್ದವು, ಆ ಗೆರೆಯ ಮೇಲೆ ಲೇಪ ಪೂರ್ತಿ ಎದ್ದಿತ್ತು. ಅಂಟು ಅಲ್ಲಿಗೆ ತಲುಪುವಾಗ ಆ ಜಾಗ ಅಲ್ಲಿತ್ತು. ಯಾರ ಕೈಯೂ ಮುಟ್ಟುವ ಮೊದಲು, ಗರಗಸಕ್ಕೂ ಮೊದಲು, ಕಾಗದಕ್ಕೂ ಮೊದಲು, ಕೆಂಡದ ಬಿಸಿಯಲ್ಲಿ ಒಬ್ಬಂಟಿಯಾಗಿ ಕೂತು ಸೆಲ್ಲು ತಾನೇ ತೆರೆದುಕೊಂಡ ಬಾಯಿಗಳು ಅವು. ಅವಳು ಉಸಿರು ಬಿಟ್ಟಳು, ಮಸೂರ ಮಂಜಾಯಿತು, ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಈಗ ಬೇರೆ ಗುಳಿಗಳೂ ಕಂಡವು. ಲೇಪದ ನಡುವೆ ಅಲ್ಲೊಂದು ಇಲ್ಲೊಂದು, ಸಾಲಿಲ್ಲದೆ, ಬಣ್ಣವಿಲ್ಲದೆ, ಟಾರ್ಚಿನ ಬೆಳಕಿಗೆ ಬರಿದಾಗಿ ಕಾಣುತ್ತಿದ್ದವು. ಅವು ಅವಳವು. ಇವತ್ತು ಬೆಳಿಗ್ಗೆ ಹಿತ್ತಿಲಲ್ಲಿ ಅವಳ ಹೆಬ್ಬೆರಳು ಕಿತ್ತವು. ಅವುಗಳನ್ನು ಕಂಡು ಅವಳಿಗೆ ಅವಮಾನವಾಗಬೇಕಿತ್ತು, ಆಗಲಿಲ್ಲ. ಜಾತ್ರೆಯ ಗುಂಪಿನಲ್ಲಿ ತಮ್ಮ ಮನೆಯ ಮಕ್ಕಳನ್ನು ಗುರುತಿಸಿದಂತೆ ಒಂದೊಂದನ್ನೂ ಗುರುತಿಸಿದಳು. ಇದು ನನ್ನದು. ಇದೂ ನನ್ನದು. ಆ ಸಾಲು ನನ್ನದಲ್ಲ.

"ಸರ್, ನೀವು ನೋಡಿ. ಏನ್ ಕಾಣುತ್ತೆ ಹೇಳಿ. ನಾನು ಏನೂ ಹೇಳಲ್ಲ."

ಟಾರ್ಚನ್ನು ಈ ಸಲ ಅವಳು ಹಿಡಿದಳು. ಬೆಳಕು ಅಲುಗಲಿಲ್ಲ. ಸುಬ್ಬಯ್ಯ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಬೇಲಿ ಸಾಲಿನಂಗೆ ಕೆಂಪಗೈತೆ. ಮೇಲಿನ್ ತೊಗಟೆ ಕಾಂಡ ಬಿಟ್ಟು ಎದ್ಬುಟ್ಟೈತೆ. ಒಳಗ್ ಏನೋ ಹೊಕ್ಕೈತೆ. ಇದು ಪಿಂಗಾಣಿ ಅಂತೀಯ, ನಾನಾಗಿದ್ರೆ ಗಿಡ ಸಾಯ್ತಾ ಐತೆ ಅಂತಿದ್ದೆ." ಕಣ್ಣು ತೆಗೆಯದೆ ಕೇಳಿದರು, "ಇದು ಒಳ್ಳೇ ಸುದ್ದೀನಾ, ಕೆಟ್ಟ ಸುದ್ದೀನಾ?"

"ಸೆಲ್‌ಗೆ ಕೆಟ್ಟದ್ದು ಸರ್," ಎಂದಳು ಗಂಗಾಮಣಿ. ಆಮೇಲೆ ಕೈಯಲ್ಲಿ ಮರೆತಿದ್ದ ಕಿತ್ತಳೆಯ ತೊಳೆಯನ್ನು ಬಾಯಿಗೆ ಹಾಕಿಕೊಂಡಳು. ಅಷ್ಟು ಸಿಹಿಯಾದದ್ದನ್ನು ಅವಳು ಇತ್ತೀಚೆಗೆ ತಿಂದಿರಲಿಲ್ಲ.

ಬಾಳ್ಳುಪೇಟೆಯಲ್ಲಿ ಬಸ್ಸು ಬದಲಿಸುವಾಗ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಎಳೆದುಕೊಂಡಳು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಹೆದ್ದಾರಿಯ ಲಾರಿಗಳು ಬೂತಿನೊಳಗೇ ಹಾದುಹೋಗುವಂತಿದ್ದವು. ನಂಬರು ಒತ್ತುವ ಮೊದಲು ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿದಳು. ಕ್ಷಮಿಸಿ ಸರ್ ಎಂದು ಶುರುವಾಗುವ ವಾಕ್ಯವೇ ಮೊದಲು ಬಂತು. ಅದನ್ನು ತೆಗೆದುಹಾಕಿದಳು.

"ಏನಮ್ಮ, ಊರಿಂದಾನಾ? ಆರಾಮಾಗಿದೀಯ ತಾನೆ?" ಎಂದರು ಚಂದ್ರಶೇಖರ ಸರ್. ಅದೇ ಔಷಧಿಯ ದನಿ.

"ಸರ್, ಆ ಕೆಂಪು ಸ್ಯಾಂಪಲ್ ಇತ್ತಲ್ಲ, ಕೊಯ್ಯೋಕೆ ಮೊದಲೇ ಅಂಟು ಇಳಿಸಿದ್ದು. ಅದನ್ನ ಪಾಲಿಶ್ ಮಾಡಿ ನೋಡಿದೆ."

"ಬಿಸಾಕು ಅಂದಿದ್ನಲ್ಲ?"

"ಬಿಸಾಕಲಿಲ್ಲ ಸರ್. ಅಂಚಿನ ಗುಳಿಗಳಲ್ಲಿ ಕೆಂಪು ತುಂಬಿದೆ."

ಲಾರಿಯೊಂದು ಹಾದುಹೋಯಿತು. ಅದು ಹೋಗಿ ಮುಗಿಯುವ ತನಕ ಅವಳು ಕಾದಳು.  

"ತುಂಬಿದೆ ಅಂದ್ರೆ," ಎಂದರು ಅವರು ಕೊನೆಗೆ, ನಿಧಾನವಾಗಿ, "ಕೊಯ್ಯೋಕೆ ಮೊದಲೇ ಇತ್ತು."

"ಹೂಂ ಸರ್."

"ಎಲ್ಲಾ ಗುಳಿಗಳಲ್ಲೂನಾ?"

ಈ ಪ್ರಶ್ನೆಗೆ ಅವಳು ಬಸ್ಸಿನಲ್ಲೇ ಹೆದರಿದ್ದಳು. ಎಲ್ಲವೂ ಎಂದುಬಿಡಬಹುದಿತ್ತು. "ಇಲ್ಲ ಸರ್. ಕೆಲವು ನನ್ನವು, ಉಜ್ಜುವಾಗ ಆದವು. ಅವು ಖಾಲಿ ಇವೆ, ಚೆಲ್ಲಾಪಿಲ್ಲಿ ಇವೆ. ಸಾಲಾಗಿರೋವು ನನ್ನವಲ್ಲ."

 ಆ ಕಡೆ ಅವರು ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು. ಹತ್ತಾರು ಪ್ರಬಂಧ ಬರೆದ ಮನುಷ್ಯ ಕೂತುಕೊಳ್ಳುವ ಸದ್ದು. ಅವಳಿಗೆ ಅವರ ಮೇಲೆ ಒಂದು ಕ್ಷಣ ಕನಿಕರವಾಯಿತು. ಆ ಕನಿಕರದಲ್ಲಿ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡುಬಿಡೋಣ ಎನಿಸಿತು. ತೆಗೆದುಕೊಳ್ಳಲಿಲ್ಲ.

"ಭಾನುವಾರ ರಾತ್ರಿ ಬಸ್ ಬೇಡ, ನಾಳೇನೇ ಹೊರಡು," ಎಂದರು. ದನಿ ಬದಲಾಗಿತ್ತು. ಔಷಧಿ ಕುಡಿಸುವ ದನಿ ಹೋಗಿ, ನವೀನ್‌ಕುಮಾರನ ಜೊತೆ ಮಾತಾಡುವ ದನಿ ಬಂದಿತ್ತು. "ಇಲ್ಲಿ ದೊಡ್ಡ ಮೈಕ್ರೋಸ್ಕೋಪಲ್ಲಿ ನೋಡಬೇಕು. ನೀನೇ ನೋಡಬೇಕು. ಅಧ್ಯಾಯ ತೆಗೀಬೇಡ ಅಂತ ಟೈಪಿಸ್ಟ್‌ಗೆ ಹೇಳ್ತೀನಿ. ಉಳಿದ ಸೆಲ್‌ಗಳನ್ನೂ ಇನ್ನು ಮೇಲೆ ಹೀಗೇ ಮಾಡೋಣ, ಮೊದಲು ಅಂಟು, ಆಮೇಲೆ ಕೊಯ್ಯೋದು. ಇದನ್ನ ಎಲ್ಲಿ ಓದಿದೆ?"

"ಮನೇಲಿ ಸರ್," ಎಂದಳು.

ಬೂತಿನವನು "ಏನಕ್ಕ, ಕೆಲ್ಸ ಸಿಕ್ತಾ?" ಎಂದು ಕೇಳಿದ. ಮುಖ ಹಾಗಿತ್ತೇನೋ. "ಇತ್ತು, ಉಳೀತು," ಎಂದು ಅವಳು ಹೊರಗೆ ಬಂದಳು. ಹೆದ್ದಾರಿಯ ಧೂಳಿನಲ್ಲಿ, ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಬಲಗೈಯನ್ನು ಎಡಗೈಯಿಂದ ಒಮ್ಮೆ ಗಟ್ಟಿಯಾಗಿ ಹಿಡಿದುಕೊಂಡಳು.

ಮನೆಗೆ ಬರುವಾಗ ಬಿಸಿಲು ತೋಟದ ಸಿಲ್ವರ್ ಓಕ್ ಮರಗಳ ತುದಿಗೇರಿತ್ತು. ಕಣದ ಹಣ್ಣನ್ನು ಒಂದು ಮೂಲೆಗೆ ರಾಶಿ ಮಾಡಿದ್ದರು. ಧರ್ಮಣ್ಣ ಬಂದಿದ್ದ. ಅವ್ವ ಏನು ಹೇಳಿದ್ದಳೋ, ಮಾತಿಲ್ಲದೆ ಬಿರುಕನ್ನು ಗುದ್ದಲಿಯಿಂದ ಅಗೆದು, ಜೇಡಿಮಣ್ಣು ತುಂಬಿ, ದಿಮ್ಮಿಸಿನಿಂದ ಬಡಿದು ಮುಗಿಸಿದ್ದ. ತಂಗಿಯನ್ನು ಕಂಡು, "ಏನ್ ಡಿಟೆಕ್ಟಿವಮ್ಮ, ಟ್ರಾಕ್ಟ್ರು ಟೈರಿನ ಗುರ್ತು ಹುಡ್ಕಕ್ ಹೋಗಿದ್ದೇನು?" ಎಂದ. ಹೇಮಶ್ರೀ ಬಗ್ಗಡ ಕಲಸುತ್ತಿದ್ದಳು, ಈ ಸಲ ಯಾರೂ ಏನೂ ಹೇಳದಷ್ಟು ಗಟ್ಟಿಯಾಗಿ. ಅತ್ತಿಗೆ ತಲೆಯೆತ್ತಿ ಅವಳನ್ನು ನೋಡಿದಳು, ಬಕೆಟ್ಟನ್ನು ಪಾದದಿಂದ ಸ್ವಲ್ಪ ಅವಳ ಕಡೆ ತಳ್ಳಿದಳು.

"ಬಾ ಗಂಗಾ. ಒಂದ್ ಕೈ ಹಾಕು."

ಗಂಗಾಮಣಿ ಡಬ್ಬಿಯನ್ನು ಜಗುಲಿಯ ಮೇಲೆ, ಯಾರ ಕಾಲಿಗೂ ಸಿಗದ ಕಡೆ ಇಟ್ಟಳು. ಸೀರೆ ಎತ್ತಿ ಕಟ್ಟಿದಳು. ಬಗ್ಗಡ ತಣ್ಣಗಿತ್ತು, ಮೊಣಕೈಯವರೆಗೆ ಹಸಿರಾಯಿತು. ಕುಕ್ಕರಗಾಲಿನಲ್ಲಿ ಹಿಂದಕ್ಕೆ ಸರಿಯುತ್ತಾ, ಎಡದಿಂದ ಬಲಕ್ಕೆ ಕಮಾನು ಕಮಾನಾಗಿ ಕೈಯಾಡಿಸಿದಳು. ಹೇಮಶ್ರೀಯ ಕಮಾನುಗಳು ಒಂದೇ ಅಳತೆಯವು, ಒಂದರ ಮೇಲೆ ಒಂದು ಮೀನಿನ ಪೊರೆಯಂತೆ ಕೂತಿದ್ದವು. ಇವಳವು ಒಂದು ದೊಡ್ಡದು, ಒಂದು ಚಿಕ್ಕದು, ಹೆಬ್ಬೆರಳು ಒತ್ತಿದ ಕಡೆ ಒಂದು ಗೆರೆ. ಯಾರು ನೋಡಿದರೂ ಎಲ್ಲಿಂದ ಎಲ್ಲಿಯವರೆಗೆ ಗಂಗಾಮಣಿ ಸಾರಿಸಿದಳು ಎಂದು ಹೇಳಬಹುದಿತ್ತು. ಅವಳು ಅದನ್ನು ಸರಿಮಾಡಲು ಹೋಗಲಿಲ್ಲ. ಬಿರುಕಿದ್ದ ಜಾಗ ಬಂದಾಗ ಅಂಗೈಯ ಬುಡದಿಂದ ಒತ್ತಿ, ಹೊಸ ಜೇಡಿಯೊಳಗೆ ಬಗ್ಗಡ ಇಳಿಯುವ ತನಕ ಉಜ್ಜಿದಳು.

ಅವ್ವ ಒಳಗಿನಿಂದ ಬಂದಳು. ಕೈಯಲ್ಲಿ ಇನ್ನೊಂದು ಬಕೆಟ್ಟು. ಗಂಗಾಮಣಿಯ ಬೆನ್ನಿಗೆ ಆ ಹೆಜ್ಜೆಯ ಸದ್ದು ಗೊತ್ತಿತ್ತು. ಬರುತ್ತದೆ, ಪಕ್ಕದಲ್ಲಿ ನಿಲ್ಲುತ್ತದೆ, ಬಕೆಟ್ಟು ಕೆಳಗಿಡುವ ಶಬ್ದವಾಗುತ್ತದೆ, ಸೆರಗು ಸಿಕ್ಕಿಸುವ ಸದ್ದು. ಅವಳು ತಿರುಗಿ ನೋಡದೆ ಕೈಯಾಡಿಸುತ್ತಲೇ ಇದ್ದಳು. ಹೆಜ್ಜೆ ಬಂತು. ಪಕ್ಕದಲ್ಲಿ ನಿಂತಿತು. ಚಿನ್ನಮ್ಮ ಮಗಳು ಸಾರಿಸಿದ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ನನ್ ಮಕಮಲ್ ರವ್ಕೆ ಏನ್ ಮಾಡ್ದೆ ಕಣೇ?" ಎಂದಳು.

"ಆಮೇಲೆ ಹೇಳ್ತೀನಿ ಅವ್ವ."

"ಹೇಳ್ತೀಯ, ಹೇಳ್ತೀಯ." ಅವ್ವ ಬಕೆಟ್ಟನ್ನು ಕೆಳಗಿಡಲಿಲ್ಲ. ಮಗಳ ಪಟ್ಟಿಯನ್ನು ತುಳಿಯದಂತೆ ಸುತ್ತಿಕೊಂಡು, ಇನ್ನೂ ಒಣನೆಲವಿದ್ದ ಆಚೆ ತುದಿಗೆ ನಡೆದಳು, ಅಲ್ಲಿ ಬಕೆಟ್ಟು ಇಟ್ಟು, ಸೆರಗು ಸಿಕ್ಕಿಸಿ, ತನ್ನ ಪಾಲಿನದನ್ನು ಸಾರಿಸತೊಡಗಿದಳು.